ತಂತಿ ಅಳೆದ ಕೈ

ಮೂರನೆಯ ಸಲ ಎಣಿಸಿದಾಗಲೂ ಕೇಬಲ್ ಕಡಿಮೆಯೇ ಬಂತು. ಮೊದಲ ಸಲ, ಕೂಡಿಸುವುದರಲ್ಲಿ ತಪ್ಪಿದ್ದೇನೆ ಅಂದುಕೊಂಡೆ. ಎರಡನೆಯ ಸಲ, ತಗಡಿನ ಕೆಳಗಿನ ಕಾವಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಮೂರನೆಯ ಸಲಕ್ಕೆ ನನ್ನ ಹತ್ತಿರ ನೆಪಗಳು ಮುಗಿದಿದ್ದವು. ಡ್ರಮ್ಮುಗಳ ಮೇಲೆ ಉಳಿದದ್ದನ್ನೂ ಪುಸ್ತಕದಲ್ಲಿ ಕೊಟ್ಟಿದ್ದೇನೆಂದು ಬರೆದದ್ದನ್ನೂ ಸೇರಿಸಿದರೆ, ಬಂದ ಮಾಲಿಗೆ ಹೊಂದುತ್ತಲೇ ಇರಲಿಲ್ಲ. ಸಿಟ್ಟಿಗೆ ಪೆನ್ಸಿಲ್ ಎಸೆದೆ. ಅದು ಉರುಳಿ ಡ್ರಮ್ಮಿನ ಅಡಿಗೆ ಹೋಯಿತು. ಮತ್ತೆ ಮೊಣಕಾಲೂರಿ ನಾನೇ ಹುಡುಕಬೇಕಾಯಿತು.

ಅರವತ್ತರ ದಶಕದ ಮೊದಲ ವರ್ಷಗಳವು. ಟಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಗೆ ಆಗಷ್ಟೇ ಕರೆಂಟು ಹೋಗುತ್ತಿತ್ತು. ಬಾವಿಗಳಿಗೆ ಮೋಟಾರು ಕೂಡಿಸಿ ಕೊಡುವ ಗುತ್ತಿಗೆ ನಮ್ಮ ಮಾಲಕರದು. ಅವರು ಸೊಲ್ಲಾಪುರದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ವಿಜಾಪುರದಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಅದರ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಕಾರಕೂನ. ವಯಸ್ಸು ಇಪ್ಪತ್ತಾರು, ಕೂತಲ್ಲಿ ಕೂರದ ಜೀವ. ನಮ್ಮವ್ವ ಅನ್ನುತ್ತಿದ್ದಳು, "ಇವ ಊಟಕ್ಕ ಕುಂತರೂ ಎದ್ದು ಹೋಗಾವನಂಗ ಕುಂತಿರ್ತಾನ."

ಕೆಲಸದ ಕ್ರಮ ಸರಳವಾಗಿತ್ತು. ಹಳ್ಳಿಯಿಂದ ವಾಯರಮನ್ ಚೀಟಿ ಕಳಿಸುತ್ತಿದ್ದ: ಇಂಥವರ ಬಾವಿಗೆ ಇಷ್ಟು ಮೀಟರ್. ನಮ್ಮ ಅಳತೆಗಾರ ಡ್ರಮ್ಮಿನಿಂದ ಕೇಬಲ್ ಎಳೆದು, ಎರಡೂ ತೋಳು ಚಾಚಿ, ಎದೆಯ ಮೇಲೆ ಹಾಯಿಸಿ ಮಾರುಗಟ್ಟಲೆ ಅಳೆಯುತ್ತಿದ್ದ. ಮೀಟರು ಆಗ ಹೊಸದು. ಆತನಿಗೆ ಅದು ರೂಢಿಯಾಗಿರಲಿಲ್ಲ. ಹನ್ನೊಂದು ಮಾರಿಗೆ ಇಪ್ಪತ್ತು ಮೀಟರ್ ಎಂದು ನಾನೇ ಲೆಕ್ಕ ಹೇಳಿಕೊಟ್ಟಿದ್ದೆ. ಅಳತೆ ಮುಗಿದ ಮೇಲೆ ಆತ ಕೂಗುತ್ತಿದ್ದ, "ಸಾಹೇಬ್ರ, ಇಪ್ಪತ್ತೆರಡು ಮಾರು ಆತ್ರಿ, ಬರಕೋರಿ." ನಾನು ತಲೆ ಬಗ್ಗಿಸಿ ನಲವತ್ತು ಮೀಟರ್ ಎಂದು ಬರೆಯುತ್ತಿದ್ದೆ. ಅಷ್ಟರಲ್ಲಿ ಕತ್ತರಿಸಿ, ಸಿಂಬಿ ಸುತ್ತಿ, ಸುತಳಿ ಕಟ್ಟಿ ಮುಗಿಸಿರುತ್ತಿದ್ದ.

ಆತನನ್ನು ಎಲ್ಲರೂ ಅಳತಿ ಕಾಕಾ ಅನ್ನುತ್ತಿದ್ದರು. ಟಿಕೋಟಾದವ. ಮೂವತ್ತು ವರ್ಷ ಅಡತಿ ಅಂಗಡಿಗಳಲ್ಲಿ ಜೋಳ, ಕಡಲೆ ಅಳೆದು, ಸೇರು ಹೋಗಿ ಕಿಲೋ ಬಂದ ಮೇಲೆ ಕೆಲಸವಿಲ್ಲದೆ ನಮ್ಮಲ್ಲಿಗೆ ಬಂದಿದ್ದ. ದಿನಾ ಬೆಳಿಗ್ಗೆ ಬಸ್ಸಿಗೆ ಬರುವವ, ರೊಟ್ಟಿಗಂಟು ಗೂಟಕ್ಕೆ ಹಾಕಿ ನೇರ ಡ್ರಮ್ಮಿಗೆ ಕೈ ಹಚ್ಚುವವ. ಮಾತು ಕಡಿಮೆ.

ಕೇಬಲ್ಲಿಗೆ ಕೈ ಹಚ್ಚುವವರು ಆತ ಮತ್ತು ನಾನು, ಇಬ್ಬರೇ. ನಾನು ಕದ್ದಿಲ್ಲ. ಇಷ್ಟೇ ಯೋಚಿಸಿ, ಒಂದೇ ಉಸುರಿಗೆ ಮಾಲಕರಿಗೆ ಪತ್ರ ಬರೆದೆ: ಅಳತೆಗಾರನ ಮೇಲೆ ನನಗೆ ಸಂಶಯವಿದೆ. ಬರೆದು ಅಂಚೆಗೆ ಹಾಕಿಬಂದೆ.

ಅಳತೆಯೆಂದರೆ ನನಗೆ ಒಂದು ಹಟ ಇತ್ತು, ಅದನ್ನು ಇಲ್ಲಿ ಹೇಳಬೇಕು. ನಮ್ಮಜ್ಜ ಊರ ಕಣಗಳಲ್ಲಿ ದುಡಿದವ. ರಾಶಿಯ ದಿನ ಎಲ್ಲರಿಗೂ ಅಳೆದು ಕೊಟ್ಟು, ನಮ್ಮ ಕೇರಿಯವರಿಗೆ ಮಾತ್ರ ಅಳೆಯದೆ ಸೆರಗಿಗೆ ಸುರಿಯುತ್ತಿದ್ದರಂತೆ. ಸುರಿದದ್ದು ಎಷ್ಟು ಎಂದು ಕೇಳುವ ಹಾಗಿರಲಿಲ್ಲ. ಮುಂದೆ ಬುದ್ಧನ ದಾರಿ ಹಿಡಿದ ನಮ್ಮಪ್ಪ ನನ್ನನ್ನು ಸಾಲಿ ಓದಿಸಿ, ಕೈಗೆ ಪೆನ್ಸಿಲ್ ಕೊಟ್ಟ. ಆ ಪೆನ್ಸಿಲ್ಲಿನಿಂದ ಬರೆದ ಲೆಕ್ಕ ಸುಳ್ಳಾಯಿತು ಅಂದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮುಂದಿನ ವಾರ ಬಂದ ಮಾಲಕರು ಗೋದಾಮಿನ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು. "ಲೇ ತಮ್ಮಾ, ಸಂಶಾ ಬ್ಯಾರೆ, ಸಾಬೀತ ಬ್ಯಾರೆ. ತಂತಿ ಸುತ್ತಿ ಅಳಿಯೂ ಮಿಶಿನ್ ಒಂದು ಆರಿಸು. ಬಬಲೇಶ್ವರದ ಕೆಲಸ ಭರದಿಂದ ಸುರು ಆಗೂದರಾಗ ಕುಂದರಿಸಬೇಕು. ಮಿಶಿನ್ ಮ್ಯಾಲ ಇವನ ಕಳವು ಹೊರಬಿತ್ತಂದ್ರ ಅವತ್ತ ಮನೀಗೆ ಕಳಸ್ತೀನಿ."

ಒಳಗೆ ಕಾಕಾ ಸಿಂಬಿ ಸುತ್ತುತ್ತಿದ್ದ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಯಂತ್ರಗಳು ಎರಡು ಸಿಕ್ಕವು. ಒಂದು ಮುಂಬಯಿಯದು. ಅದರ ಏಜಂಟ ತಂದಿಟ್ಟು, ಹದಿನೈದು ದಿನ ನಡೆಸಿ ನೋಡಿ ಅಂದ. ಬೀಡುಕಬ್ಬಿಣದ ಕಾಲು, ಕರೆಂಟಿನ ಮೋಟಾರು, ಕಾಲಲ್ಲಿ ಒತ್ತುವ ಪೆಡಲು. ಸುತ್ತುವ ಡ್ರಮ್ಮಿನ ರೆಕ್ಕೆಗಳು ಒಳಗೆ ಮಡಚಿಕೊಳ್ಳುತ್ತಿದ್ದವು, ಸಿಂಬಿ ತಾನಾಗಿ ಕಳಚಿ ಬರುತ್ತಿತ್ತು. ಎರಡು ರಬ್ಬರು ಗಾಲಿಗಳ ನಡುವೆ ಕೇಬಲ್ ಹಾಯ್ದರೆ ಗಾಜಿನ ಹಿಂದೆ ಮೀಟರಿನ ಅಂಕಿ ಓಡುತ್ತಿತ್ತು. ಆ ಎಣಿಕೆಗೆ ಕೀಲಿ ಬೇರೆ! ಕೀಲಿಯಿದ್ದವನಷ್ಟೇ ಅದನ್ನು ಸೊನ್ನೆಗೆ ತರಬಹುದು. ನನಗೆ ನೋಡಿದ ಕೂಡಲೇ ಜೀವಕ್ಕೆ ಹಾಯ್ ಅನಿಸಿತು.

ಇನ್ನೊಂದು ನಮ್ಮೂರಿನ ಲೇಥ್ ಉಸ್ತಾದನದು. ಆತನ ಅಂಗಡಿಯಲ್ಲಿ ಅರ್ಧ ಮುಗಿದು ನಿಂತಿತ್ತು. ಸಾಗವಾನಿಯ ನಾಲ್ಕು ತೋಳು, ಸೈಕಲ್ ಬೇರಿಂಗು, ಕೈಯಿಂದ ತಿರುವುವ ಹಿಡಿಕೆ. ಅಳೆಯಲು ಒಂದೇ ದೊಡ್ಡ ಗಾಲಿ. ಅದರ ಸುತ್ತಳತೆ ಸರಿಯಾಗಿ ಒಂದು ಮೀಟರ್. ಒಂದು ಸುತ್ತಿಗೆ ಒಂದು ಅಂಕಿ. ಎಣಿಸುವ ಪೆಟ್ಟಿಗೆಯನ್ನು ಯಾವುದೋ ಮುರಿದ ಛಾಪಖಾನೆ ಯಂತ್ರದಿಂದ ಕಿತ್ತು ತಂದಿದ್ದ.

"ಮುಂಬೈದು ಚಲೋ ಐತ್ರಿ ಸಾಹೇಬ್ರ," ಅಂದ ಉಸ್ತಾದ, "ಆದ್ರ ಅದಕ್ಕಿನ್ನಾ ನಮ್ಮೂರ ಧೂಳ ಗೊತ್ತಿಲ್ಲ."

ಹೊಟ್ಟೆಕಿಚ್ಚಿಗೆ ಹಾಗಂದ ಅಂದುಕೊಂಡೆ. ಎರಡೇ ದಿನಕ್ಕೆ ಗೊತ್ತಾಯಿತು. ಗೋಡೆಯಿಂದ ಗೇಟಿನವರೆಗೆ ಉಕ್ಕಿನ ಟೇಪು ಹಿಡಿದು ಇಪ್ಪತ್ತು ಮೀಟರಿಗೆ ಸುಣ್ಣದ ಗೆರೆ ಎಳೆದೆ. ಅದೇ ಕೇಬಲ್ಲನ್ನು ಬೆಳಿಗ್ಗೆ ಹಾಯಿಸಿದರೆ ಯಂತ್ರ ಇಪ್ಪತ್ತು ಅನ್ನುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಹಾಯಿಸಿದರೆ ಹತ್ತೊಂಬತ್ತೂವರೆ. ರಬ್ಬರು ಅಂಟದಿರಲೆಂದು ಕಾರ್ಖಾನೆಯವರು ಕೇಬಲ್ಲಿನ ಮೇಲೆ ಬಿಳಿ ಪುಡಿ ಉದುರಿಸಿರುತ್ತಿದ್ದರು. ಆ ಪುಡಿಯೂ ನಮ್ಮ ಧೂಳೂ ಸೇರಿ ಗಾಲಿಗೆ ಮೆತ್ತಿ, ಗಾಲಿ ಜಾರುತ್ತಿತ್ತು. ಸ್ಪ್ರಿಂಗ್ ಬಿಗಿ ಮಾಡಿದೆ. ಆಗ ಅಳತೆ ಸರಿಬಂತು, ಆದರೆ ಕಾವಿಗೆ ಮೆತ್ತಗಾದ ಕೇಬಲ್ಲಿನ ಮೈಮೇಲೆ ಗಾಲಿಯ ಅಚ್ಚು ಮೂಡಿತು. ಸಡಿಲ ಬಿಟ್ಟರೆ ಮತ್ತೆ ಜಾರಾಟ. ದಪ್ಪ ಕೇಬಲ್ಲಿಗೆ ಅದರ ಡ್ರಮ್ಮೂ ಸಣ್ಣದಾಯಿತು. ಅಷ್ಟು ಬಿಗಿಯಾಗಿ ಬಾಗಿಸಿದರೆ ಮೇಲಿನ ರಬ್ಬರು ಕೂದಲೆಳೆಯಷ್ಟು ಬಿರಿಯುತ್ತಿತ್ತು. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು, ನನಗೆ ತಲೆ ಚಿಟ್ಟು ಹಿಡಿಯಿತು.

ಕಾಕಾ ದೂರ ನಿಂತು ನೋಡುತ್ತಿದ್ದವ, ಹತ್ತಿರ ಬಂದು ಗಾಲಿಗಿಂತ ಮೊದಲೇ ಕೇಬಲ್ಲನ್ನು ಗೋಣಿತಟ್ಟಿನ ತುಂಡಿನಲ್ಲಿ ಹಿಡಿದ. "ಈಗ ಪೆಡಲ್ ಒತ್ರಿ," ಅಂದ. ಪುಡಿ ಒರಸಿ ಹೋಯಿತು, ಕೈಯ ಹಿಡಿತಕ್ಕೆ ಕೇಬಲ್ ಜೋಲದೆ ನೆಟ್ಟಗೆ ಬಂತು. ಅಂಕಿ ಇಪ್ಪತ್ತಕ್ಕೆ ನಿಂತಿತು. ನಾನು ಭಲೇ ಅನ್ನಲಿಲ್ಲ. ಕಳ್ಳನಿಗೆ ಭಲೇ ಅನ್ನುವುದು ಹೇಗೆ?

ಮರುದಿನ ಬೇಕೆಂದೇ ಆತನ ಪರೀಕ್ಷೆ ಮಾಡಿದೆ. ಸುಮ್ಮನೆ ನೂರು ಮೀಟರ್ ಅಳೆಯಿರಿ ಕಾಕಾ, ಕತ್ತರಿಸಬೇಡಿ ಅಂದೆ. ಐವತ್ತೈದು ಮಾರು ಅಳೆದ. ಟೇಪು ಹಿಡಿದು ನೋಡಿದರೆ ಒಂದು ಗೇಣಿನಷ್ಟೂ ವ್ಯತ್ಯಾಸವಿಲ್ಲ. ಇದು ನನ್ನ ಕಳವಳವನ್ನು ಇಳಿಸುವ ಬದಲು ಏರಿಸಿತು. ಅಳತೆ ಬರದವನಾಗಿದ್ದರೆ ತಪ್ಪು ಎಂದು ಬಿಡಬಹುದಿತ್ತು. ಇಷ್ಟು ಕರಾರುವಾಕ್ಕಾದ ಕೈಯಿಂದ ಮಾಲು ಹೋಗುತ್ತಿದೆ ಅಂದರೆ, ಗೊತ್ತಿದ್ದೇ ಹೋಗುತ್ತಿದೆ. ಅಂದಿನಿಂದ ಕಾಕಾನನ್ನು ಅಳತೆಯಿಂದ ಬಿಡಿಸಿ, ಡ್ರಮ್ಮುಗಳನ್ನು ಜೋಡಿಸುವ ಕೆಲಸಕ್ಕೆ ಹಚ್ಚಿದೆ. ಅಡ್ಡ ಮಲಗಿಸಿದ್ದ ಡ್ರಮ್ಮುಗಳನ್ನು ಎತ್ತಿ ಗಾಲಿಯ ಹಾಗೆ ನಿಲ್ಲಿಸಿ, ಉರುಳದಂತೆ ಕಲ್ಲು ಕೊಡುವುದು. ಬಿಸಿಲು ಬೀಳುವ ಗೋಡೆಯಿಂದ ರಬ್ಬರು ಕೇಬಲ್ಲನ್ನು ನೆರಳಿಗೆ ಸರಿಸುವುದು. ಮೊಳೆಗೆ ತೂಗಿ ಮುರಿದುಕೊಳ್ಳುತ್ತಿದ್ದ ಸಿಂಬಿಗಳಿಗೆ ದಪ್ಪ ಕಟ್ಟಿಗೆಯ ಗೂಟ ಹಾಕುವುದು. ಎಲ್ಲವನ್ನೂ ಮಾಡಿದ. ಅಳತೆಯನ್ನು ಮುಂಬಯಿ ಯಂತ್ರದ ಮೇಲೆ ನಾನೇ ಕೂತು ಮಾಡಿದೆ, ಬೆಳಗಿನ ತಂಪಿನಲ್ಲಿ, ಕೀಲಿ ನನ್ನ ಜೇಬಿನಲ್ಲಿ.

ಹಾಗೆ ಅಳೆದ ಮೊದಲ ಸಿಂಬಿ ಬಬಲೇಶ್ವರದ ಹತ್ತಿರದ ನಿಡೋಣಿಗೆ ಹೋಯಿತು. ಚೀಟಿಯಲ್ಲಿ ನಲವತ್ತು, ಗಾಜಿನಲ್ಲಿ ನಲವತ್ತು, ಪುಸ್ತಕದಲ್ಲಿ ನಲವತ್ತು. ಆ ದಿನ ನಾನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಮೂರನೆಯ ದಿನ ವಾಯರಮನ್ ಹೇಳಿಕಳಿಸಿದ ಮಾತು ಬಂತು: ಕೇಬಲ್ ಮೋಟಾರಿಗೆ ಮುಟ್ಟಿಲ್ಲ, ಕೂಡಲೇ ಬರ್ರಿ.

ಬಬಲೇಶ್ವರದ ತನಕ ಬಸ್ಸಿಗೆ ಹೋಗಿ, ಅಲ್ಲಿಂದ ಬಾಡಿಗೆ ಸೈಕಲ್ ತುಳಿದೆ. ಎದುರುಗಾಳಿ, ಕರಿಮಣ್ಣಿನ ದಾರಿ. ಬಾವಿಯ ಹತ್ತಿರ ವಾಯರಮನ್ ತಲೆಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದ. ಬಾವಿಯ ಒಡತಿ, ಐವತ್ತರ ಹೆಂಗಸು, ಉಳ್ಳಾಗಡ್ಡಿ ಸಸಿಯ ಮಡಿಯಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾ ಯಪ್ಪಾ. ಮೋಟಾರು ಅಲ್ಲೈತಿ, ನಿನ್ನ ಕೇಬಲ್ಲು ಇಲ್ಲೈತಿ. ನಡುವ ನಾ ಎರಡೂ ಕೈ ಚಾಚಿ ನಿಂದರ್ಲೇನು?"

ಮೂರು ಮೊಳ ಕಡಿಮೆ. ಟೇಪು ಹಿಡಿದು ಕೇಬಲ್ ಅಳೆದೆ: ನಲವತ್ತು ಮೀಟರ್, ಒಂದು ಬೆರಳೂ ಕಡಿಮೆಯಿಲ್ಲ. "ತುಂಡು ಜೋಡಿಸಿ ಮಾಡಪ್ಪ," ಅಂದೆ ವಾಯರಮನ್ನನಿಗೆ.

"ಬಾವಿ ಒಳಗ ಜೋಡ ಹಾಕಂತೀರೇನ್ರಿ? ತೇವಕ್ಕ ಶಾಕ್ ಹೊಡದು ಯಾರರ ಸತ್ರ ನೀವು ಬರ್ತೀರೇನು?" ಅವನ ದನಿ ಏರಿತು.

"ಹಂಗಾದ್ರ ಚೀಟಿ ನೆಟ್ಟಗ ಬರೀಬೇಕಿತ್ತು!" ನನ್ನದೂ ಏರಿತು. "ನಲವತ್ತು ಬರದವ ನೀನು, ನಲವತ್ತು ಕಳಿಸಿದವ ನಾನು."

"ಯಾವಾಗಲೂ ಹಂಗ ಬರೀತೀನ್ರಿ ಸರ. ಕಂಬದಿಂದ ಮೋಟಾರಿಗೆ ಎಷ್ಟ ಬರ್ತೈತಿ ಅಷ್ಟ. ಮ್ಯಾಲ ಕಟ್ಟಾಕ, ಸ್ಟಾರ್ಟರ್ ಒಳಗ ಹಾಕಾಕ ಬೇಕಾಗೂದು ಕೊಸರಿನಾಗ ಬರ್ತಿತ್ತಲ್ಲ."

"ಯಾವ ಕೊಸರು?"

ಅವನು ನನ್ನನ್ನೇ ನೋಡಿದ. ನಾನು ಚೇಷ್ಟೆ ಮಾಡುತ್ತಿದ್ದೇನೋ ಎಂಬಂತೆ. "ಕಾಕಾ ಬಿಡ್ತಾರಲ್ರಿ. ಅಳತಿ ಮುಗದ ಮ್ಯಾಲ ಸಿಂಬಿಗೊಂದು ಮಾರು. ನಿಮಗ ಗೊತ್ತಿಲ್ಲೇನ್ರಿ?"

ಒಡತಿ ಕಳೆ ತೆಗೆಯುವ ಕುರ್ಚಿಗೆಯನ್ನು ಮಡಿಯಲ್ಲಿ ಊರಿ ನಕ್ಕಳು. "ಮಿಶಿನ್ ಅಳದದ್ದೇನು ಇದು? ಹಂಗನ್ನು ಮತ್ತ. ಕೊಸರು ತಿಂದೈತಿ ನೋಡು ನಿನ್ನ ಮಿಶಿನ್ನು!"

ಬದನೆಕಾಯಿಗೆ, ಮೆಣಸಿನಕಾಯಿಗೆ ಕೊಸರು ಕೇಳುವುದು ನಾನೂ ಕಂಡವನೇ. ಕೇಬಲ್ಲಿಗೆ ಕೊಸರು ಎಂದು ಯಾರ ಕನಸಿನಲ್ಲಿ ಬರಬೇಕು? ಆದರೆ ಮೂವತ್ತು ವರ್ಷ ಕಾಳು ಅಳೆದ ಕೈ ಅದು. ಲೆಕ್ಕ ಮುಗಿದ ಮೇಲೆ ಮೇಲೊಂದು ಬೊಗಸೆ ಹಾಕದೆ ಚೀಲದ ಬಾಯಿ ಕಟ್ಟಿದ ಕೈಯಲ್ಲ. "ಬರಕೋರಿ" ಅಂದಾಗ ನಾನು ತಲೆ ಬಗ್ಗಿಸುತ್ತಿದ್ದೆ. ಆ ಹೊತ್ತಿನಲ್ಲೇ ಇನ್ನೊಂದು ಮಾರು ಹೋಗುತ್ತಿತ್ತು. ಮುಚ್ಚಿಟ್ಟದ್ದೇನಲ್ಲ. ಅಳೆಯುವವ, ಒಯ್ಯುವವ, ಬಾವಿಯವರು, ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಹೇಳಿರಲಿಲ್ಲ. ಕಣದಲ್ಲಿ ಅಳೆಸಿಕೊಂಡು ಗೊತ್ತಿಲ್ಲದ ಮನೆಯಿಂದ ಬಂದವ ನಾನೊಬ್ಬನೇ.

ಉದ್ದದ ಇನ್ನೊಂದು ಸಿಂಬಿ ಕಳಿಸುತ್ತೇನೆಂದು ಒಡತಿಗೆ ಮಾತು ಕೊಟ್ಟು ತಿರುಗಿದೆ. ಬಸ್ಸಿನಲ್ಲಿ ಪುಸ್ತಕ ತೆರೆದು, ಕುಲುಕಾಟದಲ್ಲೇ, ಇದುವರೆಗೆ ಕೊಟ್ಟ ಸಿಂಬಿಗಳನ್ನು ಎಣಿಸಿದೆ. ಸಿಂಬಿಗೊಂದು ಮಾರಿನಂತೆ ಕೂಡಿಸಿದರೆ ಕಡಿಮೆ ಬಿದ್ದ ಮಾಲಿಗೆ ಎರಡು ಮಾರಿನಷ್ಟು ಮಾತ್ರ ವ್ಯತ್ಯಾಸ. ಲೆಕ್ಕ ಹೊಂದಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ಪತ್ರದ ನೆನಪಾಯಿತು. ಮಾಲಕರು ಬರುವುದಕ್ಕೆ ಇನ್ನೂ ಎರಡು ದಿನವಿದೆ, ಅಷ್ಟರಲ್ಲಿ ಹೇಳಿಬಿಡಬೇಕು ಎಂದು ಡ್ರೈವರನ ಬೆನ್ನು ನೋಡುತ್ತ, ಇವನಿಗೇಕೆ ಕಾಲಿಗೆ ಜೀವವಿಲ್ಲ ಎಂದು ಬೈದುಕೊಂಡೆ.

ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಮಾಲಕರೇ ಕೂತಿದ್ದರು. ಗೂಟದ ಮೇಲೆ ರೊಟ್ಟಿಗಂಟು ಇರಲಿಲ್ಲ.

"ಇವತ್ತ ಬರೂದಾತು," ಅಂದರು. "ನಿನ್ನ ಪತ್ರ ಅವನ ಮುಂದ ಓದಿ, ಏನಂತಿ ಅಂತ ಕೇಳಿದೆ. ಏನೂ ಅನಲಿಲ್ಲ. ಗಂಟು ತಗೊಂಡು ಹ್ವಾದ."

"ಮಿಶಿನ್ ಮ್ಯಾಲ ಸಾಬೀತ ಆಗ್ಲಿ ಅಂದಿದ್ರೆಲ್ರೀ!"

"ನೀನ ಬರದಿಯಲ್ಲೋ ತಮ್ಮಾ. ನಾ ಓದೇನಿ, ಅಷ್ಟ."

ನಿಡೋಣಿಯದೆಲ್ಲ ಹೇಳಿದೆ. ಅವರು ಕೇಳಿ, "ನನ್ನ ಮಾಲಿನಾಗ ಕೊಸರು ಕೊಡಾಕ ಅವ ಯಾರು?" ಎಂದು ಗುಡುಗಿದರು. ನಾನು ಪುಸ್ತಕ ಅವರ ಮುಂದೆ ತಳ್ಳಿ ಹೇಳಿದೆ: ಆ ಒಂದು ಮಾರು ಇಲ್ಲದಿದ್ದರೆ ಒಂದು ಬಾವಿಗೂ ನಮ್ಮ ಕೇಬಲ್ ಮುಟ್ಟುತ್ತಿರಲಿಲ್ಲ. ತುದಿ ಕಟ್ಟಲು ಎಷ್ಟು ಬೇಕೆಂದು ಚೀಟಿಯಲ್ಲಿ ಕೇಳಬೇಕಾದವನು ನಾನು, ಕೇಳಲಿಲ್ಲ. ಕಳ್ಳತನ ಆಗಿಲ್ಲ, ತಪ್ಪಾಗಿದ್ದು ನನ್ನ ಬರವಣಿಗೆಯಲ್ಲಿ. ಯಂತ್ರ ಆರಿಸಲು ನನಗೇ ಹೇಳಿದ್ದೀರಿ, ನಾನು ಉಸ್ತಾದನದನ್ನು ಆರಿಸುತ್ತೇನೆ. ಅದಕ್ಕೆ ದಪ್ಪ ಕೇಬಲ್ಲೂ ಬಿರಿಯದೆ ಬಾಗುತ್ತದೆ, ಕರೆಂಟು ಹೋದರೂ ಅದು ನಿಲ್ಲುವುದಿಲ್ಲ, ಆದರೆ ಗಾಲಿಯ ಮುಂದೆ ಗೋಣಿತಟ್ಟು ಹಿಡಿಯುವ ಕೈಯೊಂದು ಬೇಕು. ಆ ಕೈ ಬರದಿದ್ದರೆ ಈ ಕೀಲಿಯೂ ತಗೊಳ್ಳಿ. ಹಾಗೆಂದು ಕೀಲಿಯನ್ನು ಪುಸ್ತಕದ ಮೇಲಿಟ್ಟೆ. ಮನೆಯಲ್ಲಿ ನಾನೊಬ್ಬನೇ ದುಡಿಯುವವ.

ಮಾಲಕರು ಪುಸ್ತಕದ ಹಾಳೆ ತಿರುವಿ ನೋಡಿದರು. "ಏನರ ಮಾಡ್ಕೋ," ಅಂದರು. "ಕೊಸರು ಕೊಡೂದಿದ್ರ ಪುಸ್ತಕದಾಗ ಬರಬೇಕು. ಬರೀಲಾರದ ಒಂದು ಗೇಣೂ ಹೋಗಬಾರದು."

ಮರುದಿನ ಮೊದಲ ಬಸ್ಸಿಗೆ ಟಿಕೋಟಾಕ್ಕೆ ಹೋದೆ. ಕಾಕಾ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಒಳಗಿನ ಮಾಡದಲ್ಲಿ ಹಿತ್ತಾಳೆಯ ಸೇರು, ಬೆಳಗಿ ಇಟ್ಟದ್ದು ಕಾಣುತ್ತಿತ್ತು. ಬರ್ರಿ ಅಂದ. ಕೂತೆ. ಆತನ ಹೆಂಡತಿ ನೀರು ತಂದಿಟ್ಟು ನನ್ನ ಮುಖ ನೋಡದೆ ಹೋದಳು.

"ಕಾಕಾ, ನಂದು ತಪ್ಪಾಗೇತಿ. ನಾ ನಿಮ್ಮನ್ನ ಕಳ್ಳ ಅಂದೆ. ಕೊಸರಂತ ಒಂದು ಮಾತು ಹೇಳಿದ್ರ..."

ಹಗ್ಗದ ಎಳೆ ತೊಡೆಯ ಮೇಲೆ ಉಜ್ಜುತ್ತಲೇ ಕೇಳಿದ. "ಯಾರಿಗರ ಹೇಳಿ ಕೊಡೂದೇನ್ರಿ ಕೊಸರು? ನೀವು ನೋಡ್ತೀರಿ, ಸುಮ್ಮನಿರ್ತೀರಿ ಅಂತ ತಿಳದಿದ್ದೆ. ದೊಡ್ಡ ಮನಸಿನ ಹುಡುಗ ಅಂತ ಮನ್ಯಾಗೂ ಹೇಳಿದ್ದೆ."

ಅದನ್ನು ಕೇಳಿ ಎದ್ದು ಓಡಿಹೋಗುವಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂತಲ್ಲೇ ಕೂತು ಆ ಹಗ್ಗ ಮುಗಿಯುವವರೆಗೂ ಕಾದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಎಲ್ಲಿಯೂ ಸುಮ್ಮನೆ ಕೂತವನಲ್ಲ. ಕೊನೆಗೆ ಆತ ಗಂಟು ಹಾಕಿ, "ಸೋಮಾರ ಬರ್ತೀನಿ," ಅಂದ.

ಸೋಮವಾರದೊಳಗೆ ಮುಂಬಯಿಯದು ಏಜಂಟನಿಗೆ ವಾಪಸು ಹೋಗಿತ್ತು. ಉಸ್ತಾದ ತನ್ನ ಗಾಲಿಯ ಸುತ್ತ ಚರ್ಮದ ಪಟ್ಟಿ ಹೊಲಿದು, ಅದು ಸೇರಿದ ಮೇಲೆಯೂ ಸುತ್ತಳತೆ ಒಂದು ಮೀಟರೇ ಇರುವಂತೆ ಕಟ್ಟಿಗೆ ಕೆತ್ತಿ ಕಡಿಮೆ ಮಾಡಿ, ಯಂತ್ರವನ್ನು ನೆಲಕ್ಕೆ ಬಿಗಿದ. ನಾನು ಪುಸ್ತಕದಲ್ಲಿ ಹೊಸದೊಂದು ಖಾನೆ ಎಳೆದು ಮೇಲೆ ಕೊಸರು ಎಂದು ಬರೆದೆ. ದುಂಡಗೆ ಬರೆದಿದ್ದೆ, ನನಗೇ ಹೆಮ್ಮೆಯಾಗಿತ್ತು. ಮೊದಲು ನಿಡೋಣಿಯ ಸಿಂಬಿ. ಚೀಟಿ ಅದೇ ಹಳೆಯ ನಲವತ್ತು.

ಕಾಕಾ ರೊಟ್ಟಿಗಂಟು ಗೂಟಕ್ಕೆ ಹಾಕಿ, ಗೋಣಿತಟ್ಟಿನಲ್ಲಿ ಕೇಬಲ್ ಹಿಡಿದ. ಹಮಾಲನೊಬ್ಬ ಹಿಡಿಕೆ ತಿರುವಿದ. ಗಾಲಿ ಜಾರಲಿಲ್ಲ, ಅಂಕಿ ಒಂದೊಂದೇ ಬಿದ್ದು ನಲವತ್ತಕ್ಕೆ ನಿಂತಿತು. "ಬರಕೋರಿ" ಎಂದು ಕೂಗುತ್ತಾನೆಂದು ನಾನು ಪೆನ್ಸಿಲ್ ಹಿಡಿದು ಕಾದೆ. ಕೂಗಲಿಲ್ಲ. ಕೇಬಲ್ಲನ್ನು ಹಿಡಿದುಕೊಂಡೇ ನನ್ನತ್ತ ತಿರುಗಿದ.

"ಸಾಹೇಬ್ರ, ಕೊಸರು ಬಿಡ್ಲೇನ್ರಿ?"

ಮೂವತ್ತು ವರ್ಷದಲ್ಲಿ ಆತ ಯಾರನ್ನೂ ಹಾಗೆ ಕೇಳಿರಲಿಕ್ಕಿಲ್ಲ.

"ಬಿಡ್ರಿ ಕಾಕಾ. ಅದಕ್ಕಂತನ ಖಾನೆ ಹಾಕೇನಿ. ನಾ ಬರಕೋತೀನಿ."

ಪುಸ್ತಕ ನೋಡಿದ. ನನ್ನ ಪೆನ್ಸಿಲ್ ನೋಡಿದ. "ಬರಕೊಂಡ ಮ್ಯಾಲ ಅದು ಕೊಸರು ಹೆಂಗ ಆಗ್ತೈತ್ರಿ?" ಅಂದ.

ಆತ ಗೋಣಿತಟ್ಟು ಬದಿಗಿಟ್ಟು, ಕೇಬಲ್ಲನ್ನು ಗಾಲಿಯಿಂದ ಬಿಡಿಸಿ, ಎಡಗೈಯ ಬೆರಳ ತುದಿಯಿಂದ ಎದೆಯ ಮೇಲೆ ಹಾಯಿಸಿ ಬಲಗೈಯ ತುದಿಯವರೆಗೆ ತೋಳು ಚಾಚಿದ. ಒಂದು ಮಾರು. ಕತ್ತರಿಸಿದ. ಯಂತ್ರದ ಅಂಕಿ ನಲವತ್ತರಲ್ಲೇ ನಿಂತಿತ್ತು. ನಾನು ಹೊಸ ಖಾನೆಯಲ್ಲಿ ಒಂದು ಎಂದು ಬರೆದೆ. ನಾನು ಬರೆದು ಮುಗಿಸುವವರೆಗೂ ಕಾಕಾ ಬೇರೆ ಕಡೆ ನೋಡುತ್ತ ನಿಂತಿದ್ದ.